ಐದು ಇಪ್ಪತ್ತರಿಂದ ಐದೂವರೆ

ಮಾರ್ಚ್ ಹನ್ನೊಂದನೇ ತಾರೀಕು ಬೆಳಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಬಂದರು ಠಾಣೆಗೆ ಒಂದು ದೂರು ಬಂತು. ತಂದವಳು ಮಾರುಕಟ್ಟೆ ಬೀದಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸು, ವಯಸ್ಸು ಮೂವತ್ತೊಂದು. ಕಾಗದದಲ್ಲಿ ಇದ್ದದ್ದು ಮೂರೇ ಸಾಲು. ಜನವರಿ ಹತ್ತೊಂಬತ್ತರ ಸಂಜೆ ನದಿಯಲ್ಲಿ ಮುಳುಗಿದ ನಾಲ್ಕನೇ ನಂಬರ್ ಲಾಂಚಿನ ಚಾಲಕ ತನ್ನ ಅಪ್ಪ. ಅವರ ಕೊನೆಯ ಹತ್ತು ನಿಮಿಷದ ದಾಖಲೆಯನ್ನು ಯಾರೋ ಕದ್ದಿದ್ದಾರೆ. ಹುಡುಕಿಕೊಡಬೇಕು.

ಠಾಣೆಯ ರೈಟರ್ ಆ ಕಾಗದವನ್ನು ಎರಡು ಸಲ ಓದಿದರು. ಹೆಡ್ ಕಾನ್‌ಸ್ಟೇಬಲ್ ಆಗಿ ಇಪ್ಪತ್ತಾರು ವರ್ಷ ದೂರು ಬರೆದುಕೊಂಡ ಮನುಷ್ಯ. ಕನ್ನಡಕವನ್ನು ಹಣೆಗೇರಿಸಿ ಕೇಳಿದರು:

"ಸೈಕಲ್ ಕಳುವು ಬರೆದಿದ್ದೀನಿ, ಎಮ್ಮೆ ಕಳುವು ಬರೆದಿದ್ದೀನಿ, ಒಂದ್ಸಲ ಬಾಗಿಲೇ ಕಳುವಾಗಿತ್ತು, ಅದನ್ನೂ ಬರೆದೆ. ಹತ್ತು ನಿಮಿಷ ಕಳುವಾಗಿದೆ ಅಂತ ಹೇಗಮ್ಮ ಬರೀಲಿ?"

ಅವಳು ನಗಲಿಲ್ಲ. ಒಳಗಿನ ಕೋಣೆಯಲ್ಲಿ ಕೂತಿದ್ದ ಇನ್ಸ್‌ಪೆಕ್ಟರ್ ಮಾತು ಕೇಳಿಸಿಕೊಂಡು ಅವಳನ್ನು ಒಳಗೆ ಕರೆದರು.

ಇನ್ಸ್‌ಪೆಕ್ಟರ್ ಆ ಸಂಜೆಯನ್ನು ಮರೆತಿರಲಿಲ್ಲ. ಮಂಜು ಇನ್ನೂ ಕರಗದ ಕಟ್ಟೆಯ ಮೇಲೆ ಒಂಬತ್ತು ಹೆಣಗಳ ಪಂಚನಾಮೆ ಬರೆಸಿದ್ದು ಆಕೆಯೇ. ಒಂಬತ್ತನೆಯದು ಚಾಲಕನದು. ಅವನ ಬಲಗೈ ಏನನ್ನೋ ಹಿಡಿದುಕೊಂಡಂತೆ ಬಾಯಿಯ ಹತ್ತಿರ ಮಡಿಚಿಕೊಂಡೇ ಇತ್ತು. ಪಂಚನಾಮೆಯಲ್ಲಿ 'ಬಲಗೈ ಮಡಚಿದ ಸ್ಥಿತಿಯಲ್ಲಿದೆ' ಎಂದು ಬರೆಸಿ ಮುಂದೆ ಹೋಗಿದ್ದರು. ಆಮೇಲೆ ಎಷ್ಟೋ ದಿನ, ಊಟಕ್ಕೆ ಕೂತಾಗ, ತಲೆ ಬಾಚುವಾಗ, ಆ ಕೈ ಕಣ್ಣ ಮುಂದೆ ಬರುತ್ತಿತ್ತು.

"ನಿಮ್ಮ ತಂದೆ ತಪ್ಪು ಮಾಡಿಲ್ಲ ಅಂತೀರಾ?"

"ಹಾಗೆ ಹೇಳ್ತಿಲ್ಲ ಮೇಡಂ. ಮಾಡಿದ್ರೆ, ಇಗೋ ಇಲ್ಲಿ ಮಾಡಿದ್ರು ಅಂತ ತೋರಿಸಲಿ. ಅದೊಂದು ಬಿಟ್ಟು ಬೇರೆಲ್ಲ ತೋರಿಸ್ತಾರೆ."

"ಬಂದರು ಕಚೇರಿಯವರು ಏನಂದ್ರು?"

"ಚಾಲಕ ದಾರಿ ಬಿಟ್ಟು ಹೋದ, ಸಹಾಯಕ್ಕೆ ಕರೆ ಮಾಡಲಿಲ್ಲ, ಲಂಗರು ಹಾಕಿ ನಿಂತಿದ್ದ ಮರಳಿನ ಬಾರ್ಜಿಗೆ ಗುದ್ದಿದ. ಬ್ಲಾಕ್‌ಚೈನ್‌ನಲ್ಲಿ ಮೊಹರು ಬಿದ್ದಿದೆ, ಇನ್ನು ಬದಲಾಗಲ್ಲ ಅಂದ್ರು. ನಮ್ಮಪ್ಪ ಬೀದಿ ದಾಟೋಕೂ ನಾಲ್ಕು ಜನರನ್ನ ಕೇಳೋರು ಮೇಡಂ. ಮಂಜಲ್ಲಿ ಯಾರನ್ನೂ ಕೇಳದೆ ಲಾಂಚ್ ಓಡಿಸಿದ್ರಂತೆ." ಅವಳು ಮಡಿಲಲ್ಲಿದ್ದ ಚೀಲವನ್ನು ಸರಿಮಾಡಿಕೊಂಡಳು. "ಸತ್ತವರಲ್ಲಿ ಒಬ್ಬರ ಹೆಂಡತಿ ಹೊಲಿಯೋಕೆ ಕೊಟ್ಟಿದ್ದ ಬಟ್ಟೆ ವಾಪಸ್ ಕೇಳಿದ್ರು. ಅಳತೆ ತಪ್ಪಿಲ್ಲ ಅಂದೆ. ಅಳತೆ ಅಲ್ಲಮ್ಮ ಅಂದ್ರು."

ಹನ್ನೊಂದು ಇಪ್ಪತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು. ಅಪರಾಧ ಸಂಖ್ಯೆ ನಲವತ್ತೇಳು, ಸಾಕ್ಷ್ಯ ಮರೆಮಾಚಿದ ಆರೋಪ, ಆರೋಪಿ, ಅಪರಿಚಿತರು.

ಬಂದರು ಕಚೇರಿಯ ಮ್ಯಾನೇಜರ್ ಮೇಜಿನ ಮೇಲೆ ಗಾಜು ಹಾಸಿಕೊಂಡು ಅದನ್ನು ಕರವಸ್ತ್ರದಿಂದ ಒರೆಸುತ್ತಲೇ ಮಾತಾಡುವ ಮನುಷ್ಯ. ಮೊದಲು ಲಾಂಚುಗಳ ದಾಖಲೆ ಪುಸ್ತಕದಲ್ಲಿರುತ್ತಿತ್ತಂತೆ. ಹಾಳೆ ಹರಿಯುವುದು, ತಿದ್ದುವುದು ನಡೆಯುತ್ತಿತ್ತಂತೆ. ಹಾಗಾಗಿ ಒಮ್ಮೆ ಬರೆದರೆ ಯಾರೂ ತಿದ್ದಲಾಗದ ಬ್ಲಾಕ್‌ಚೈನ್ ತಂದರು, ಕಚೇರಿಯವರ ಬಾಯಲ್ಲಿ ಅದು ಸರಪಳಿ.

"ಆಗ ಪ್ರತಿಯೊಂದೂ ಪೂರ್ತಿಯಾಗಿ ಸರಪಳಿ ಮೇಲೇ ಹೋಗ್ತಿತ್ತು ಮೇಡಂ. ಲಾಂಚಿನ ಜಾಗ, ವೇಗ, ರೇಡಿಯೋ ಮಾತು ಎಲ್ಲ. ಹದಿನಾಲ್ಕು ಕಂಪ್ಯೂಟರ್‌ಗಳು, ಎಲ್ಲದರಲ್ಲೂ ಎಲ್ಲದರ ಪ್ರತಿ. ಲಾಂಚು ಆರಿದ್ದಾಗ ಸರಿಹೋಯ್ತು. ಇಪ್ಪತ್ತೆರಡು ಆದಾಗ ಒಂದು ನಮೂದು ಬೀಳೋಕೆ ನಾಲ್ಕು ನಿಮಿಷ ಹಿಡೀತಿತ್ತು. ಕುಂಟ್ಕೊಂಡು ಹೋಗ್ತಿತ್ತು ಅನ್ನಿ."

"ಏನು ಮಾಡಿದ್ರಿ?"

"ಹತ್ತು ನಿಮಿಷದ್ದು ಒಂದು ಕಟ್ಟು ಮಾಡೋದು. ಕಟ್ಟಿನ ಮೊಹರು ಕೂಡಲೇ, ಆಮೇಲೆ ಉಗ್ರಾಣದವರು ಬರೆಯೋ ಎರಡು ಸಾಲಿನ ಸಾರಾಂಶ, ಅಷ್ಟೇ ಸರಪಳಿಗೆ. ಕಟ್ಟು ನಮ್ಮ ಕೆಳಗಿನ ಉಗ್ರಾಣದಲ್ಲಿ. ಈಗ ಎರಡು ಸೆಕೆಂಡ್ ಸಾಕು."

"ಜನವರಿ ಹತ್ತೊಂಬತ್ತು, ಐದು ಇಪ್ಪತ್ತರಿಂದ ಐದೂವರೆಯ ಕಟ್ಟು ಕೊಡಿ."

ಒರೆಸುತ್ತಿದ್ದ ಕೈ ನಿಂತಿತು. "ಅದೊಂದು ಸಿಗ್ತಿಲ್ಲ. ಆದರೆ ಮೊಹರು ಇದೆಯಲ್ಲ ಮೇಡಂ. ಸರಪಳಿ ಸುಳ್ಳು ಹೇಳಲ್ಲ."

"ಬೀಗ ಗಟ್ಟಿಯಾಗಿದೆ ಅಂದ ಮಾತ್ರಕ್ಕೆ ಪೆಟ್ಟಿಗೇಲಿ ಏನಿದೆ ಅಂತ ಗೊತ್ತಾಗಲ್ಲ," ಎಂದು ಇನ್ಸ್‌ಪೆಕ್ಟರ್ ಎದ್ದರು.

ಉಗ್ರಾಣ ಎಂದರೆ ನೆಲಮಾಳಿಗೆಯ ಒಂದು ಉದ್ದನೆಯ ಕೋಣೆ. ಕಿಟಕಿಯಿಲ್ಲ. ಕಪಾಟಿನಷ್ಟು ಎತ್ತರದ ಯಂತ್ರಗಳು ಒಂದೇ ಸಮನೆ ಉಸಿರಾಡುತ್ತಿದ್ದವು. ಅದರ ಹೊಣೆ ಹೊತ್ತ ಎಂಜಿನಿಯರನ್ನು ಇಡೀ ಕಚೇರಿ ಉಗ್ರಾಣಿ ಎಂದೇ ಕರೆಯುತ್ತಿತ್ತು. ನಲವತ್ತರ ಆಸುಪಾಸು, ತೆಳ್ಳಗಿನ ಆಸಾಮಿ. ಕಣ್ಣ ಕೆಳಗೆ ಕಪ್ಪು ಇಳಿದಿತ್ತು. ಕಿವಿಯ ಮೇಲಿದ್ದ ಹೆಡ್‌ಫೋನನ್ನು ಪೊಲೀಸರು ಬಂದದ್ದು ಕಂಡು ತೆಗೆದು ಕತ್ತಿಗೆ ಇಳಿಬಿಟ್ಟ.

"ಆ ಕಟ್ಟು ಏನಾಯ್ತು?"

"ಡಿಸ್ಕ್ ಕೆಟ್ಟಿತ್ತು ಮೇಡಂ. ಬರೆಯುವಾಗಲೇ ಕೆಟ್ಟುಹೋಯ್ತು. ಪೂರ್ತಿ ಬರೆದೇ ಇಲ್ಲ."

"ಅದಕ್ಕೂ ಮೊದಲಿನ ಹತ್ತು ನಿಮಿಷ?"

"ಇದೆ."

"ಆಮೇಲಿನ ಹತ್ತು ನಿಮಿಷ?"

"ಇದೆ."

"ಕೆಡೋದೂ ಟೇಪು ಹಿಡಿದು ಅಳೆದ ಹಾಗೆ ಕೆಟ್ಟಿದೆ."

ರೈಟರ್ ಸ್ಥಳ ಪಂಚನಾಮೆ ಬರೆದರು. ಕೆಟ್ಟಿತ್ತು ಎಂದ ಡಿಸ್ಕನ್ನು ಜಪ್ತಿ ಮಾಡಿದರು. ಅದು ನಿಜವಾಗಿಯೂ ಕೆಟ್ಟಿತ್ತು. ಆದರೆ ಯಾವಾಗ ಕೆಟ್ಟಿತು, ಅಥವಾ ಯಾರಾದರೂ ಕೆಡಿಸಿದರೋ ಎಂದು ಅದು ಹೇಳುವಂತಿರಲಿಲ್ಲ. ಬಾಗಿಲ ಬಳಿ ಹೋದ ಮೇಲೆ ಇನ್ಸ್‌ಪೆಕ್ಟರ್ ತಿರುಗಿ ನೋಡಿದರು. ಉಗ್ರಾಣಿ ಆಗಲೇ ಹೆಡ್‌ಫೋನ್ ಹಾಕಿಕೊಂಡಿದ್ದ. ಹಾಡು ಕೇಳುವವನ ಮುಖ ಅದಾಗಿರಲಿಲ್ಲ.

ಪ್ರತಿ ಕಟ್ಟಿಗೂ ಐದು ಜನ ಸಾಕ್ಷಿದಾರರು ಇರಬೇಕೆಂಬ ನಿಯಮವಿತ್ತು. 'ಪೂರ್ತಿ ಕಟ್ಟು ನೋಡಿದ್ದೇನೆ, ಪ್ರತಿ ನನ್ನ ಬಳಿ ಇದೆ' ಎಂದು ಮೂವರಾದರೂ ಸಹಿ ಹಾಕಿದರೆ ಮಾತ್ರ ಸರಪಳಿ ಆ ಮೊಹರನ್ನು ಒಪ್ಪುತ್ತಿತ್ತು. ಆ ಸಂಜೆಯ ಕಟ್ಟಿಗೆ ಐವರದ್ದೂ ಸಹಿಯಿತ್ತು. ಇನ್ಸ್‌ಪೆಕ್ಟರ್ ಹನ್ನೆರಡನೇ ತಾರೀಕು ಐವರನ್ನೂ ಒಬ್ಬೊಬ್ಬರಾಗಿ ಕಂಡರು. ಸರಕು ಸಾಗಣೆಯ ಏಜೆಂಟ್ ಹೇಳಿದ್ದನ್ನೇ ಉಳಿದ ನಾಲ್ವರೂ ಬೇರೆ ಬೇರೆ ಮಾತಲ್ಲಿ ಹೇಳಿದರು.

"ಪ್ರತಿ ಎಲ್ಲಿದೆ?"

"ಇಲ್ಲ ಮೇಡಂ."

"ನೋಡಿದ್ದೇನೆ ಅಂತ ಸಹಿ ಇದೆಯಲ್ಲ?"

"ಸಹಿ ಮೆಷಿನ್ನೇ ಹಾಕುತ್ತೆ. ದಿನಕ್ಕೆ ನೂರ ನಲವತ್ನಾಲ್ಕು ಕಟ್ಟು. ಎಲ್ಲ ಇಳಿಸ್ಕೊಂಡ್ರೆ ಕಂಪ್ಯೂಟರ್ ತುಂಬಿಹೋಗುತ್ತೆ. ಉಳಿದ ನಾಲ್ಕು ಜನ ಇಟ್ಕೊಂಡಿರ್ತಾರೆ ಅಂದ್ಕೊಂಡೆ."

ಜೀಪಿನಲ್ಲಿ ಕೂತ ಮೇಲೆ ರೈಟರ್ ಎಂದರು: "ಐದು ಜನರ ಪಂಚನಾಮೆ ಮೇಡಂ, ಒಬ್ಬನೂ ಸ್ಥಳಕ್ಕೇ ಹೋಗಿಲ್ಲ. ನಾನು ಹೀಗೆ ಬರೆದಿದ್ರೆ ನೀವು ನನ್ನ ಮನೆಗೆ ಕಳಿಸ್ತಿದ್ರಿ."

ಹದಿಮೂರನೇ ತಾರೀಕು ದೂರುದಾರಳೇ ಒಂದು ವಿಳಾಸ ಕೊಟ್ಟಳು. ನಿವೃತ್ತ ಗಣಿತದ ಮೇಷ್ಟ್ರದ್ದು. ಆ ಹತ್ತು ನಿಮಿಷ ಎಲ್ಲೂ ಸಿಗುತ್ತಿಲ್ಲವೆಂದು ಅವಳಿಗೆ ಮೊದಲು ಹೇಳಿದವರು ಅವರೇ.

ಮೇಷ್ಟ್ರ ಮನೆಯ ಮುಂದಿನ ಕೋಣೆಯಲ್ಲಿ ಪುಸ್ತಕದ ಕಪಾಟಿನ ಮೇಲೆ ಊಟದ ಡಬ್ಬಿಯಷ್ಟು ದೊಡ್ಡದೊಂದು ಕಂಪ್ಯೂಟರ್ ಇತ್ತು. ಪಕ್ಕದ ಪರದೆಯಲ್ಲಿ ಸಾಲುಗಳು ನಿಧಾನವಾಗಿ ಮೇಲೇರುತ್ತಿದ್ದವು. ಇನ್ಸ್‌ಪೆಕ್ಟರ್ ಓದಿದರು. ತಾರೀಕು, ಗಂಟೆ, ಒಂದು ಸಂಖ್ಯೆ, ಕೊನೆಗೆ ಒಂದೇ ಪದ: ಬರಲಿಲ್ಲ. ಕೆಳಗೆ ಇನ್ನೊಂದು ಸಾಲು: ಬರಲಿಲ್ಲ.

"ಇದೇನು ಮೇಷ್ಟ್ರೇ?"

"ಐವತ್ಮೂರು ದಿನದಿಂದ ಕೇಳ್ತಾ ಇದೆ. ಸಿಗೋವರೆಗೂ ಕೇಳೋದು ಅದರ ಕೆಲಸ. ರಾತ್ರಿ ಎದ್ದು ನೀರು ಕುಡಿಯೋಕೆ ಬಂದ್ರೂ ಇದೇ ಕಾಣುತ್ತೆ. ನಮ್ಮನೆಯವಳು ಪರದೆ ಮೇಲೆ ಟವೆಲ್ ಹಾಕಿದ್ದಳು, ಒಂದಿನ ನಾನೇ ತೆಗೆದೆ. ಪಾಪ, ಯಾರನ್ನೋ ಕಾಯೋ ಹಾಗೆ ಕಾಯ್ತಿದೆ ಅನ್ನಿಸ್ತು."

ಮೇಷ್ಟ್ರು ಒಂದು ಹಾಳೆ ತೆಗೆದು ಎರಡು ಚುಕ್ಕೆ ಇಟ್ಟು ಗೆರೆ ಎಳೆದರು.

"ಎರಡು ಚುಕ್ಕೆ ಇದ್ರೆ ಗೆರೆ ಒಂದೇ, ಅಲ್ವಾ? ಈಗ ಅದೇ ಗೆರೆ ಮೇಲೆ ಇನ್ನೆರಡು ಚುಕ್ಕೆ ಇಡ್ತೀನಿ. ನಾಲ್ಕರಲ್ಲಿ ಯಾವ ಎರಡು ಕಳೆದ್ರೂ ಉಳಿದೆರಡರಿಂದ ಗೆರೆ ಮತ್ತೆ ಎಳೀಬಹುದು. ಅವರ ಕಟ್ಟೂ ಹೀಗೇ. ಅರವತ್ನಾಲ್ಕು ಚೂರು ಮಾಡಿ, ಅದನ್ನ ನೂರಿಪ್ಪತ್ತೆಂಟಕ್ಕೆ ಬೆಳೆಸ್ತಾರೆ. ಯಾವ ಅರವತ್ನಾಲ್ಕು ಸಿಕ್ಕರೂ ಇಡೀ ಕಟ್ಟು ವಾಪಸ್ ಬರುತ್ತೆ."

"ನಿಮ್ಮ ಕಂಪ್ಯೂಟರ್ ಏನು ಕೇಳುತ್ತೆ?"

"ಇಡೀ ಕಟ್ಟು ಇಳಿಸ್ಕೊಳ್ಳೋ ಶಕ್ತಿ ಇದಕ್ಕಿಲ್ಲ. ಮನಸ್ಸಿಗೆ ಬಂದ ಎಂಟು ಚೂರು ಕೇಳುತ್ತೆ, ಅವು ಒಂದೆರಡಾಗಿ ನಿಧಾನಕ್ಕೆ ಬರ್ತವೆ. ಯಾವ ಎಂಟು ಅಂತ ಉಗ್ರಾಣಕ್ಕೆ ಮೊದಲೇ ಗೊತ್ತಿರಲ್ಲ. ಅರ್ಧಕ್ಕಿಂತ ಹೆಚ್ಚು ಬಚ್ಚಿಟ್ಟಿದ್ರೆ ಎಂಟರಲ್ಲಿ ಒಂದಾದ್ರೂ ಹೆಚ್ಚುಕಮ್ಮಿ ಖಂಡಿತ ತಪ್ಪುತ್ತೆ, ಕಳ್ಳತನ ಗೊತ್ತಾಗುತ್ತೆ. ನನ್ನ ಹಾಗೆ ಈ ಕೆಲಸ ಮಾಡೋ ಹುಚ್ಚರು ಊರಲ್ಲಿ ನಲವತ್ತೊಂದು ಜನ ಇದ್ದೀವಿ. ಬಂದರಿನವರೇ ಕೇಳ್ಕೊಂಡಿದ್ದರು, ಈಗ ನೆನಪಿಲ್ಲ ಅವರಿಗೆ."

"ಗೊತ್ತಾಗಿದ್ರೆ ನೀವು ಯಾಕೆ ಆಕ್ಷೇಪಣೆ ಹಾಕಲಿಲ್ಲ? ಸಾರಾಂಶ ಖಾಯಂ ಆಗೋಕೆ ಮುಂಚೆ ಏಳು ದಿನ ಸಮಯ ಇತ್ತಲ್ಲ."

ಮೇಷ್ಟ್ರು ಹಾಳೆಯನ್ನು ಮಡಿಚಿದರು. "ಮೂರನೇ ದಿನವೇ ಹಾಕಿದೆ. ಸಾರಾಂಶ ಸುಳ್ಳು ಅನ್ನೋದಾದ್ರೆ ಕಟ್ಟಿನಲ್ಲಿರೋ ಯಾವ ನಮೂದಿನ ಪ್ರಕಾರ ಸುಳ್ಳು, ಆ ನಮೂದನ್ನ ಲಗತ್ತಿಸಿ ಅಂತ ಸರಪಳಿ ವಾಪಸ್ ಕಳಿಸ್ತು. ಕಟ್ಟೇ ಇಲ್ಲದೆ ನಮೂದು ಎಲ್ಲಿಂದ ತರಲಿ? ಏಳು ದಿನ ಆಯ್ತು, ಸಾರಾಂಶ ಖಾಯಂ ಆಯ್ತು. ಮೊಹರನ್ನ ಯಾರೂ ತಿದ್ದೋಕಾಗಲ್ಲ ಮೇಡಂ, ನಿಜ. ಸುಳ್ಳು ಕಟ್ಟು ತಂದಿಟ್ರೆ ಮೊಹರಿಗೆ ಹೊಂದಲ್ಲ. ಆದರೆ ನಿಜದ ಕಟ್ಟು ಬಚ್ಚಿಟ್ಬಿಟ್ರೆ ಸಾಕು, ಮೇಲೆ ಏನು ಬರೆದ್ರೂ ನಡೆಯುತ್ತೆ. ವೇಗ ಬೇಕು ಅಂತ ಹೊರೆ ಇಳಿಸಿದ್ರು. ಇಳಿಸಿದ ಹೊರೆ ಯಾರ ಮನೇಲಿದೆ ಅಂತ ಯಾರೂ ಕೇಳಲಿಲ್ಲ."

"ಆ ಸಂಜೆ ನಿಮಗೆ ಒಂದು ಚೂರೂ ಬರಲಿಲ್ವಾ?"

ಮೇಷ್ಟ್ರು ಹಳೆಯ ಸಾಲುಗಳನ್ನು ಹಿಂದಕ್ಕೆ ಸರಿಸಿದರು. ಜನವರಿ ಹತ್ತೊಂಬತ್ತು, ಐದು ಮೂವತ್ಮೂರು: ಮೂರು ಚೂರು ಬಂದಿದ್ದವು. ಐದು ನಲವತ್ತೆರಡಕ್ಕೆ ಇನ್ನೆರಡು. ಐದು ಐವತ್ತೆರಡರಿಂದ ಈಚೆಗೆ ಒಂದೂ ಇಲ್ಲ.

ಇನ್ಸ್‌ಪೆಕ್ಟರ್ ಪರದೆಗೆ ಮುಖ ಹತ್ತಿರ ತಂದು ಆ ಗಂಟೆಯನ್ನು ಮತ್ತೆ ನೋಡಿದರು. ಬರೆಯುವಾಗಲೇ ಕೆಟ್ಟುಹೋದ ಕಟ್ಟು, ಮುಗಿದು ಹನ್ನೆರಡು ನಿಮಿಷವಾದ ಮೇಲೂ ಚೂರು ಹಂಚುತ್ತಿತ್ತು.

ಮಾರನೇ ದಿನದಿಂದ ಒಂದು ವಾರ ಠಾಣೆಯ ಮೂವರು ಕಾನ್‌ಸ್ಟೇಬಲ್‌ಗಳು ಮನೆ ಮನೆ ಸುತ್ತಿದರು. ಫೋಟೋ ಸ್ಟುಡಿಯೋದವನು, ಹಲ್ಲಿನ ಡಾಕ್ಟರ್, ಗಡಿಯಾರ ರಿಪೇರಿ ಮಾಡುವ ಇಬ್ಬರು ಅಣ್ಣತಮ್ಮಂದಿರು, ಮಗಳ ಮದುವೆಯಾದ ಮೇಲೆ ಹೊತ್ತು ಹೋಗದೆ ಇದನ್ನು ಶುರು ಮಾಡಿದ ಒಬ್ಬ ತಾಯಿ. ಪ್ರತಿಯೊಬ್ಬರಿಂದಲೂ ಚೂರು, ಅದು ಬಂದ ಗಂಟೆ, ಒಂದು ಹೇಳಿಕೆ, ಒಂದು ಪಂಚನಾಮೆ. ಮೇಷ್ಟ್ರು ಠಾಣೆಯಲ್ಲೇ ಕೂತು ಒಂದೊಂದನ್ನೂ ಮೊಹರಿನ ಜೊತೆ ತಾಳೆ ನೋಡಿದರು. ಎಷ್ಟೋ ಮನೆಗಳಲ್ಲಿ ಅದೇ ಚೂರುಗಳು ಮತ್ತೆ ಮತ್ತೆ ಸಿಕ್ಕವು. ಇಪ್ಪತ್ತನೇ ತಾರೀಕು ಸಂಜೆ ರೈಟರ್ ಪಟ್ಟಿಯ ಕೆಳಗೆ ಗೆರೆ ಎಳೆದರು. ಬೇರೆ ಬೇರೆ ಚೂರುಗಳು ಐವತ್ತೊಂಬತ್ತು. ಬೇಕಾದದ್ದು ಅರವತ್ನಾಲ್ಕು.

"ಐದು ಕಮ್ಮಿ," ಎಂದರು ಮೇಷ್ಟ್ರು. "ಅರವತ್ಮೂರು ಇದ್ರೂ ಇಡೀ ಕಟ್ಟು ಬರಲ್ಲ ಮೇಡಂ. ಅಲ್ಲಲ್ಲಿ ಒಂದೊಂದು ತುಣುಕು ಮಾತ್ರ."

ಆದ ಮಟ್ಟಿಗೆ ಜೋಡಿಸಿ ಒಂದು ಸಲ ಕೇಳಿಸಿದರು. ಹೆಚ್ಚಿನದೆಲ್ಲ ಮೌನ. ಮಧ್ಯೆ ಎಂಜಿನ್ ಸದ್ದು. ಒಂದು ಕಡೆ ಯಾರೋ ಮಾತಾಡಲೆಂದು ಉಸಿರು ಎಳೆದುಕೊಂಡರು, ಅಲ್ಲಿಗೇ ಕತ್ತರಿಸಿ ಹೋಯಿತು. ಇನ್ಸ್‌ಪೆಕ್ಟರಿಗೆ ಕಟ್ಟೆಯ ಮೇಲಿನ ಆ ಮಡಚಿದ ಕೈ ನೆನಪಾಯಿತು. ಅವನು ರೇಡಿಯೋ ಹಿಡಿದಿದ್ದ. ಅದು ಆವತ್ತೇ ತಿಳಿಯಬೇಕಿತ್ತು.

ಇನ್ನು ಉಳಿದದ್ದು ಒಂದೇ ಪ್ರಶ್ನೆ. ಚಾಲಕ ಕರೆದಿದ್ದರೆ ಆ ಕಡೆ ಕೇಳಬೇಕಾದವರು ಯಾರು? ಮ್ಯಾನೇಜರ್ ಕರ್ತವ್ಯದ ಪಟ್ಟಿ ಕಳಿಸಿದರು. ಕಂಟ್ರೋಲ್ ರೂಮಿನಲ್ಲಿ ಆವತ್ತು ಒಬ್ಬಳೇ ಇದ್ದಳು, ರೇಡಿಯೋ ಆಪರೇಟರ್, ವಯಸ್ಸು ಇಪ್ಪತ್ತೇಳು. ಮನೆಯ ವಿಳಾಸದ ಮುಂದೆ ರೈಟರ್ ಬೆರಳಿಟ್ಟರು. ಉಗ್ರಾಣಿಯ ವಿಳಾಸವೂ ಅದೇ. ಅವಳು ಅವನ ತಂಗಿ.

ಇಪ್ಪತ್ತೊಂದನೇ ತಾರೀಕು ಮಧ್ಯಾಹ್ನ ಮೂರಕ್ಕೆ ಇನ್ಸ್‌ಪೆಕ್ಟರ್ ಆ ಮನೆಗೆ ಹೋದಾಗ ಅಣ್ಣ ಕೆಲಸಕ್ಕೆ ಹೋಗಿದ್ದ. ತಂಗಿ ಬಾಗಿಲು ತೆಗೆದಳು. ಎರಡು ಕೋಣೆಯ ಮನೆ, ಚೊಕ್ಕಟವಾಗಿತ್ತು. ಆದರೆ ರೇಡಿಯೋ, ಟೀವಿ, ಫ್ಯಾನು, ಎಲ್ಲ ಒಟ್ಟಿಗೆ ಚಾಲೂ ಇದ್ದವು. ಅಡುಗೆಮನೆಯ ನಲ್ಲಿಯೂ ಸುರಿಯುತ್ತಿತ್ತು.

"ಸದ್ದು ಕಮ್ಮಿ ಮಾಡ್ತೀಯಾಮ್ಮ?"

"ಸ್ವಲ್ಪ ಮಾಡ್ತೀನಿ ಮೇಡಂ. ಪೂರ್ತಿ ಬೇಡ."

"ಆವತ್ತು ಎಷ್ಟನೇ ಪಾಳಿ ನಿಂದು?"

"ಮೂರನೇದು. ಹಿಂದಿನ ಸಂಜೆ ಆರಕ್ಕೆ ಕೂತಿದ್ದು. ಇಬ್ಬರು ಕೆಲಸ ಬಿಟ್ಟಿದ್ರು, ಅವರ ಜಾಗಕ್ಕೆ ಯಾರನ್ನೂ ಹಾಕಿರಲಿಲ್ಲ."

"ಕರೆ ಬಂತಾ?"

"ಇಲ್ಲ." ಉತ್ತರ ಬಾಯಿಪಾಠದಂತೆ ಬಂತು. ಆಮೇಲೆ ತಗ್ಗಿದ ದನಿಯಲ್ಲಿ, "ನಾನು ಸ್ವಲ್ಪ ತೂಕಡಿಸಿದ್ದೆ ಮೇಡಂ. ಐದು ನಲವತ್ನಾಲ್ಕಕ್ಕೆ ಫೋನ್ ಹೊಡೆದಾಗ ಎಚ್ಚರ ಆಯ್ತು. ಕೆಳಗೆ ಓಡಿಹೋಗಿ ಅಣ್ಣನ್ನ ಕೇಳಿದೆ, ಯಾರಾದ್ರೂ ನನ್ನ ಕರೆದಿದ್ರಾ ಅಂತ. ಅವನು ದಾಖಲೆ ತೆಗೆದು ನೋಡಿದ. ಯಾರೂ ಕರೆದಿಲ್ಲ ಅಂದ."

"ಅಷ್ಟೇನಾ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಳು. ಇನ್ಸ್‌ಪೆಕ್ಟರ್ ಕಾದರು. ಮೂವತ್ತು ವರ್ಷದ ಕೆಲಸದಲ್ಲಿ ಕಲಿತದ್ದೆಂದರೆ ಕಾಯುವುದು.

"ನನಗೆ ತಲೆ ಸರಿ ಇಲ್ಲ ಮೇಡಂ," ಎಂದಳು ಕೊನೆಗೆ. "ಡಾಕ್ಟರಿಗೆ ತೋರಿಸ್ತಿದ್ದಾನೆ ಅಣ್ಣ. ಮಾತ್ರೆ ಇದೆ. ಒಂದು ದನಿ ಕೇಳುತ್ತೆ. ಸುತ್ತ ಸುಮ್ಮನಾದ್ರೆ ಸಾಕು, ಕೇಳುತ್ತೆ."

"ಏನನ್ನುತ್ತೆ?"

"ಪುಟ್ಟಕ್ಕ, ನಿದ್ದೆ ಬಂತೇನಮ್ಮ, ಏಳು, ಅನ್ನುತ್ತೆ. ಬೈಯೋ ದನಿ ಅಲ್ಲ. ಮೆತ್ತಗೆ."

"ಇದನ್ನ ಅಣ್ಣನಿಗೆ ಹೇಳಿದ್ದೀಯಾ?"

"ಸದ್ದು ಕೇಳುತ್ತೆ ಅಂತ ಮಾತ್ರ. ಮಾತು ಹೇಳಿಲ್ಲ. ಮಾತೂ ಕೇಳುತ್ತೆ ಅಂದ್ರೆ ಆಸ್ಪತ್ರೆಗೆ ಸೇರಿಸಿಬಿಡ್ತಾನೆ ಅಂತ ಭಯ."

ಇನ್ಸ್‌ಪೆಕ್ಟರಿಗೆ ಚೂರುಗಳ ನಡುವೆ ಉಸಿರು ಎಳೆದುಕೊಂಡು ಕತ್ತರಿಸಿ ಹೋದ ಆ ದನಿ ನೆನಪಾಯಿತು. ಹುಡುಗಿಗೆ ಏನೂ ಹೇಳಲಿಲ್ಲ. ಕೈಯಲ್ಲಿ ಕಟ್ಟು ಇಲ್ಲದೆ ಹೇಳುವುದಾದರೂ ಏನನ್ನು? ಎದ್ದು ಹೊರಡುವಾಗ ಹಿಂದಿನಿಂದ ಟೀವಿಯ ಸದ್ದು ಮತ್ತೆ ಏರಿತು.

ಮಾರ್ಚ್ ಇಪ್ಪತ್ತೆರಡು, ಮಧ್ಯಾಹ್ನ ಎರಡು ಗಂಟೆಗೆ ಉಗ್ರಾಣಿಯನ್ನು ಠಾಣೆಗೆ ಕರೆಸಿದರು. ರೈಟರ್ ಹಾಳೆ, ಕಾರ್ಬನ್ ಜೋಡಿಸಿಕೊಂಡು ಕೂತರು.

"ಬರೆಯುವಾಗಲೇ ಡಿಸ್ಕ್ ಕೆಟ್ಟಿತು ಅಂದ್ರಿ."

"ಹೌದು."

"ಇದು ಐವತ್ತೊಂಬತ್ತು ಚೂರಿನ ಪಟ್ಟಿ. ಎಲ್ಲಾ ನಿಮ್ಮ ಉಗ್ರಾಣದಿಂದ ಹೋಗಿದ್ದು. ಮೊದಲನೇದು ಐದು ಮೂವತ್ತೊಂದು. ಕೊನೇದು ಐದು ಐವತ್ತೊಂದು. ಮೊಹರಿಗೆ ತಾಳೆ ಆಗಿದೆ. ಐದು ಐವತ್ತೆರಡಕ್ಕೆ, ಆ ಕಟ್ಟಿನ ಚೂರು ಯಾರಿಗೂ ಕೊಡಬೇಡ ಅಂತ ಉಗ್ರಾಣದ ಯಂತ್ರಕ್ಕೆ ಆದೇಶ ಹೋಗಿದೆ. ಆ ಹೊತ್ತಲ್ಲಿ ಕೋಣೆ ಒಳಗೆ ಯಾರಿದ್ರು?"

ಅವನು ಪಟ್ಟಿಯನ್ನು ಮುಟ್ಟಲಿಲ್ಲ. "ನಾನೊಬ್ಬನೇ."

"ಸಾರಾಂಶ ಬರೆದದ್ದು?"

"ನಾನೇ. ಆರು ಹತ್ತಕ್ಕೆ."

"ಕಟ್ಟು ಎಲ್ಲಿದೆ?"

ಅವನ ಮುಖದಲ್ಲಿ ಹಠ ಇರಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನಿಂತವನ ದಣಿವಿತ್ತು. ಇನ್ಸ್‌ಪೆಕ್ಟರ್ ಪಟ್ಟಿಯನ್ನು ಬದಿಗೆ ಸರಿಸಿದರು.

"ನಿಮ್ಮ ತಂಗಿ ಜೊತೆ ಮಾತಾಡಿದೆ. ಅವಳಿಗೆ ಒಂದು ದನಿ ಕೇಳುತ್ತಂತೆ."

"ಅವಳಿಗೆ ಹುಷಾರಿಲ್ಲ. ಅವಳನ್ನ ಬಿಟ್ಟುಬಿಡಿ."

"ಪುಟ್ಟಕ್ಕ, ನಿದ್ದೆ ಬಂತೇನಮ್ಮ, ಏಳು. ಹೀಗೆ ಹೇಳುತ್ತಂತೆ. ನನ್ನ ಹತ್ರ ಐದು ಚೂರು ಕಮ್ಮಿ ಇದೆ, ನನಗೆ ಗೊತ್ತಿಲ್ಲ. ನಿಮಗೆ ಗೊತ್ತು. ಆ ಮಾತು ಕಟ್ಟಿನಲ್ಲಿ ಇದೆಯಾ, ಇಲ್ಲವಾ?"

ಉಗ್ರಾಣಿ ಎರಡೂ ಅಂಗೈಯಿಂದ ಕಿವಿ ಮುಚ್ಚಿಕೊಂಡು ಮೇಜಿನ ಮೇಲೆ ಬಾಗಿದ. ಅವನು ಅಳುತ್ತಿದ್ದಾನೆಂದು ಗೊತ್ತಾಗಲು ಒಂದು ನಿಮಿಷ ಹಿಡಿಯಿತು, ಸದ್ದೇ ಇರಲಿಲ್ಲ.

"ಅವಳಿಗೆ ಕೇಳಿಸಿತ್ತಾ," ಎಂದ. "ನಿದ್ದೇಲಿ ಅವಳಿಗೆ ಕೇಳಿಸಿತ್ತಾ."

ಮೂರು ಇಪ್ಪತ್ತಕ್ಕೆ ಅವನೇ ಮುಂದೆ ನಡೆದು ಉಗ್ರಾಣದ ಕೋಣೆಯಲ್ಲಿ ತನ್ನ ಬಟ್ಟೆಯ ಲಾಕರ್ ತೆಗೆದು ಹಳೆಯ ಫೋನೊಂದನ್ನು ಕೊಟ್ಟ. ಪಂಚರ ಸಮಕ್ಷಮ ಜಪ್ತಿಯಾಯಿತು. ಅದರಲ್ಲಿ ಆ ಕಟ್ಟು ಪೂರ್ತಿಯಾಗಿತ್ತು. ಮೇಷ್ಟ್ರು ಕಮ್ಮಿ ಬಿದ್ದಿದ್ದ ಐದು ಚೂರನ್ನು ಅದರಿಂದ ತೆಗೆದು ಮೊಹರಿಗೆ ತಾಳೆ ನೋಡಿದರು. ಒಂದಕ್ಷರ ಆಚೀಚೆ ಇರಲಿಲ್ಲ.

"ಯಾಕೆ ಅಳಿಸಲಿಲ್ಲ?" ಎಂದು ಇನ್ಸ್‌ಪೆಕ್ಟರ್ ಕೇಳಿದರು.

"ಕೈ ಬರಲಿಲ್ಲ. ದಿನಾ ಕೇಳ್ತಿದ್ದೆ. ಯಾರಾದ್ರೂ ಒಬ್ಬರು ಕೇಳಬೇಕಲ್ಲ ಅನ್ನಿಸ್ತಿತ್ತು."

ದನಿಯನ್ನು ಗುರುತಿಸಲು ದೂರುದಾರಳನ್ನು ಕರೆಸಿದರು. ಬಂಧನದ ವಿಷಯ ತಿಳಿಸಲು ಹತ್ತಿರದ ಸಂಬಂಧಿ ಎಂದು ತಂಗಿಯನ್ನೂ ಕರೆಸಬೇಕಾಯಿತು. ಐದೂಕಾಲಿಗೆ ಇಬ್ಬರೂ ಬಂದರು. ಬೇರೆ ಬೇರೆ ಕೂರಿಸುವುದು ಪದ್ಧತಿ. ಆದರೆ ತಂಗಿ, ತಾನೂ ಕೇಳಬೇಕು, ಅದು ತನ್ನ ರೇಡಿಯೋ, ಎಂದಳು. ದರ್ಜಿ ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿ, ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನು ತೆಗೆದು ನೆಲಕ್ಕಿಟ್ಟಳು.

ರೈಟರ್ ಗುಂಡಿ ಒತ್ತಿದರು.

ಐದು ಇಪ್ಪತ್ತೊಂದು. ಎಂಜಿನ್ನಿನ ಗುಡುಗುಡು, ಅದರ ಮೇಲೆ ವಯಸ್ಸಾದ ಗಂಡಸಿನ ದನಿ. "ಕಂಟ್ರೋಲ್, ನಾಲ್ಕು ಮಾತಾಡ್ತಿರೋದು. ಮಂಜು ಜಾಸ್ತಿ ಆಗಿದೆ. ಮರಳಿನ ಬಾರ್ಜು ಇವತ್ತು ಎಲ್ಲಿ ನಿಂತಿದೆ, ಸ್ವಲ್ಪ ಹೇಳ್ತೀರಾ?" ಖಾಲಿ ಸುಯ್ಯೆನ್ನುವ ಸದ್ದು. ಐದು ಇಪ್ಪತ್ನಾಲ್ಕು. ಎಂಜಿನ್ ನಿಧಾನವಾಗಿತ್ತು. "ಕಂಟ್ರೋಲ್, ನಾಲ್ಕು. ಕೇಳಿಸ್ತಿದೆಯಾ? ನಾನು ನಿಧಾನ ಮಾಡಿದ್ದೀನಿ. ನೀರಿನ ಸೆಳೆತ ಜಾಸ್ತಿ ಇದೆ, ನಿಲ್ಲೋಕಾಗ್ತಿಲ್ಲ." ಮತ್ತೆ ಸುಯ್. ಐದು ಇಪ್ಪತ್ತೇಳಕ್ಕೆ ಆ ದನಿ ಇನ್ನೂ ತಗ್ಗಿತು. ಪಕ್ಕದ ಮನೆಯ ಮಗುವನ್ನು ಎಬ್ಬಿಸುವವರ ದನಿ.

"ಪುಟ್ಟಕ್ಕ, ನಿದ್ದೆ ಬಂತೇನಮ್ಮ? ಏಳು. ಬಾರ್ಜು ಎಲ್ಲಿದೆ ಹೇಳು, ಸಾಕು."

ಐದು ಇಪ್ಪತ್ತೊಂಬತ್ತಕ್ಕೆ ರೈಟರ್ ತಾವಾಗಿಯೇ ನಿಲ್ಲಿಸಿದರು. ಅದರಾಚೆಯದನ್ನು ಯಾರೂ ಕೇಳಬೇಕಾಗಿರಲಿಲ್ಲ.

"ಅಪ್ಪನೇ," ಎಂದಳು ಮಗಳು. ಕೈ ಮಡಿಲಲ್ಲೇ ಇತ್ತು. "ದಾರಿ ಬಿಟ್ಟಿರಲಿಲ್ಲ. ಕೇಳಿದ್ರು."

ತಂಗಿ ಗೋಡೆ ನೋಡುತ್ತಿದ್ದಳು. "ಇದೇ," ಎಂದಳು. "ಇದೇ ದನಿ. ಇದೇ ಮಾತು." ಇನ್ಸ್‌ಪೆಕ್ಟರ್ ಕಡೆ ತಿರುಗಿದಳು. "ಹಾಗಾದ್ರೆ ನನಗೆ ಹುಚ್ಚು ಹಿಡಿದಿಲ್ಲ."

"ಇಲ್ಲಮ್ಮ."

"ಅವರು ನಿಜವಾಗ್ಲೂ ಕರೆದಿದ್ರು. ನಾನು ಏಳಲಿಲ್ಲ."

ಚಾಲಕನ ಮಗಳು ಚೀಲ ಎತ್ತಿಕೊಂಡು ಎದ್ದಳು. ಬಾಗಿಲ ತನಕ ಹೋಗಿ ನಿಂತಳು. "ಎಷ್ಟು ಹೊತ್ತಿನಿಂದ ಕೂತಿದ್ದೆ ನೀನು, ಆವತ್ತು?"

"ಹಿಂದಿನ ದಿನ ಆರರಿಂದ."

ಅವಳು ತಲೆಯಾಡಿಸಿದಳು. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. "ಅಪ್ಪ ಬೈಯಲಿಲ್ಲ," ಎಂದಷ್ಟೇ ಹೇಳಿ ಹೊರಗೆ ಹೋದಳು.

ಆರು ಐದಕ್ಕೆ ಬಂಧನದ ಪತ್ರಕ್ಕೆ ಸಹಿಯಾಯಿತು. ಅಣ್ಣ ತಂಗಿಯ ಮುಖ ನೋಡಲಿಲ್ಲ. ಅವಳೇ ಅವನ ಮುಂದೆ ಹೋಗಿ ನಿಂತಳು. "ಇಲ್ಲ ಅಂತ ಯಾಕೆ ಹೇಳ್ದೆ ಅಣ್ಣ?" ಎಂದು ಕೇಳಿದಳು. ಕಾನ್‌ಸ್ಟೇಬಲ್ ಅವನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದ.

ಇನ್ಸ್‌ಪೆಕ್ಟರ್ ಎರಡು ವರದಿ ಬರೆದರು. ಒಂದು, ಮೂರು ಪಾಳಿ ಒಬ್ಬಳ ಮೇಲೆ ಹೇರಿದ ಬಂದರು ಕಚೇರಿಯ ಬಗ್ಗೆ, ನೋಡದೆ ಸಹಿ ಹಾಕಿದ ಐವರ ಬಗ್ಗೆ. ಇನ್ನೊಂದು ಕೇಸ್ ಡೈರಿ. ಉದ್ದೇಶ ಎಂಬ ಅಂಕಣದಲ್ಲಿ ಸ್ವಲ್ಪ ಹೊತ್ತು ಪೆನ್ನು ನಿಂತಿತು. ಆಮೇಲೆ ಬರೆದರು: 'ಆರೋಪಿಗೆ ಇದರಿಂದ ಯಾವ ಲಾಭವೂ ಇರಲಿಲ್ಲ. ಘಟನೆಯ ಸಂಜೆ ಐದು ಐವತ್ತರ ಸುಮಾರಿಗೆ ನಡುಗುತ್ತ ಬಂದ ತಂಗಿ, ನನ್ನನ್ನು ಯಾರಾದರೂ ಕರೆದರೇ ಎಂದು ಕೇಳಿದಳು. ಇಲ್ಲ ಎಂದ. ಮುಂದೆ ಮಾಡಿದ್ದೆಲ್ಲ ಆ ಒಂದು ಮಾತನ್ನು ನಿಜವಾಗಿಸಲು.'

ಏಳು ಗಂಟೆಗೆ ಹೊರಗೆ ಬಂದರೆ ತಂಗಿ ಇನ್ನೂ ಬೆಂಚಿನ ಮೇಲೇ ಇದ್ದಳು. ಗೋಡೆಗೆ ತಲೆಯಾನಿಸಿ ನಿದ್ದೆಹೋಗಿದ್ದಳು. ಠಾಣೆಯೆಲ್ಲ ನಿಶ್ಶಬ್ದವಾಗಿತ್ತು, ಆದರೂ ಮುಖದಲ್ಲಿ ಭಯವಿರಲಿಲ್ಲ. ಮೇಜಿನ ಮೇಲಿನ ವೈರ್‌ಲೆಸ್ ಸೆಟ್ ಒಮ್ಮೆ ಚರಚರ ಎಂದಿತು. ರೈಟರ್ ತಟಕ್ಕನೆ ಎದ್ದು ಅದನ್ನು ಎತ್ತಿಕೊಂಡರು.

"ಆಫ್ ಮಾಡ್ಬೇಡಿ ರೈಟರೇ," ಎಂದರು ಇನ್ಸ್‌ಪೆಕ್ಟರ್ ಮೆಲ್ಲಗೆ.

"ಇಲ್ಲ ಮೇಡಂ. ಒಳಗೆ ತಗೊಂಡು ಹೋಗಿ ನಾನು ಕೇಳ್ತಾ ಕೂರ್ತೀನಿ. ಇವಳು ಮಲಗಲಿ."